ಓದುಗರ ಪ್ರಶ್ನೆ, ನಮ್ಮ ಉತ್ತರ: .243 ತಗೊಳ್ಳೋದಾ, .308 ತಗೊಳ್ಳೋದಾ?

ಪ್ರಶ್ನೆ: ನಮಸ್ಕಾರ ಸಾರ್, ನಾನು ದಾವಣಗೆರೆ ವಿದ್ಯಾನಗರದೋನು, ಹೈಸ್ಕೂಲ್ ಮೇಷ್ಟ್ರಾಗಿ ರಿಟೈರ್ ಆಗಿದೀನಿ. ಮಗ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಇದಾನೆ, ಗ್ರೀನ್ ಕಾರ್ಡ್ ಸಿಕ್ಕೈತೆ. ಅವನ ಆಫೀಸಿನೋರೆಲ್ಲ ನವೆಂಬರ್ ಕೊನೇಲಿ ಜಿಂಕೆ ಬೇಟೆಗೆ ಹೋಗ್ತಾರಂತೆ, ಇವನ್ನೂ ಕರೆದಿದಾರೆ, ಸೊಸೇನೂ ನಾನೂ ಕಲೀತೀನಿ ಅಂತ ಹೊರಟಿದಾಳೆ. ಇಬ್ರೂ ಇಲ್ಲೀತನಕ ರೈಫಲ್ ಮುಟ್ಟಿದೋರಲ್ಲ. ಒಬ್ರು .308 ವಿಂಚೆಸ್ಟರ್ ಬಿಟ್ಟು ಬೇರೆ ನೋಡ್ಲೇಬೇಡ ಅಂತಾರಂತೆ, ಇನ್ನೊಬ್ರು ಹೊಸಬರಿಗೆ .243 ವಿಂಚೆಸ್ಟರ್ ಸಾಕು ಅಂತಾರಂತೆ. ತಗೊಳ್ಳೋದು ಒಂದೇ ರೈಫಲ್ಲು, ಬೇಟೆ ಇಲ್ಲದ ದಿನ ರೇಂಜ್‌ಗೆ ಹೋಗಿ ಪೇಪರ್ ಟಾರ್ಗೆಟ್ ಹೊಡಿಯಕ್ಕೂ ಅದೇ ಬೇಕು. ಮುಂದೆ ಕರಡಿ ಲೈಸೆನ್ಸೂ ತಗೊಂಡ್ರೆ ಹೆಂಗೆ ಅಂತಾನೂ ಕೇಳ್ತಿದಾನೆ. ಯಾವುದು ಸರಿ?

ಉತ್ತರ: ಇಬ್ರೂ ಹೊಸಬರು, ಬೇಟೆ ಅಂದ್ರೆ ಜಿಂಕೆ ಅಷ್ಟೇ ಅನ್ನೋದಾದ್ರೆ .243 ತಗೊಳ್ಳಲಿ ಮೇಷ್ಟ್ರೇ. ಕರಡಿ ಅನ್ನೋದು ಬಾಯಿಮಾತಲ್ಲ, ಮುಂದಿನ ವರ್ಷ ಹೋಗೇ ಹೋಗ್ತೀವಿ ಅಂತ ಇದ್ರೆ .308, ಆದ್ರೆ ಮೊದಲ ವರ್ಷ ಅದರಲ್ಲಿ ಹಗುರ ಲೋಡ್, ಅಂದ್ರೆ ಕಮ್ಮಿ ಒದೆತದ ತೋಟಾ, ಮಾತ್ರ ಹಾಕಲಿ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗ್ತೈತೆ.

ಈ ಎರಡೂ ತೋಟಾ ಅಣ್ಣತಮ್ಮ ಇದ್ದಂಗೆ. .243, .308 ಅನ್ನೋದು ಬುಲೆಟ್ಟಿನ ದಪ್ಪ, ಇಂಚಿನ ಲೆಕ್ಕದಲ್ಲಿ. ಅಮೆರಿಕದ ಸೈನ್ಯ ಹಳೇ .30-06 ಗಿಂತ ಗಿಡ್ಡ ತೋಟಾ ಬೇಕು ಅಂತ ಪ್ರಯೋಗ ಮಾಡ್ತಿದ್ದಾಗ ವಿಂಚೆಸ್ಟರ್ ಕಂಪನಿ ಅದನ್ನೇ 1952ರಲ್ಲಿ ಬೇಟೆಗಾರರಿಗೆ .308 ಅಂತ ಮಾರಕ್ಕೆ ಶುರು ಮಾಡ್ತು, ನೇಟೋ ದೇಶಗಳು ಅದರ ಮಿಲಿಟರಿ ರೂಪಾನ 7.62x51 ಅಂತ ಒಪ್ಕೊಂಡಿದ್ದು 1954ರಲ್ಲಿ. 1955ರಲ್ಲಿ ಅದೇ ಹಿತ್ತಾಳೆ ಕೇಸಿನ ಕುತ್ತಿಗೆ ಸಣ್ಣ ಮಾಡಿ .243 ಮಾಡಿದ್ರು. ಅಂದ್ರೆ ಮದ್ದು ತುಂಬೋ ಜಾಗ ಎರಡರಲ್ಲೂ ಹೆಚ್ಚುಕಮ್ಮಿ ಅಷ್ಟೇ, ಮುಂದೆ ಕೂತಿರೋ ಬುಲೆಟ್ ಬೇರೆ. .308ರ ಬುಲೆಟ್ 7.8 ಮಿಲಿಮೀಟರ್ ದಪ್ಪ, .243ದು 6.2 ಮಿಲಿಮೀಟರ್.

ಜಿಂಕೆಗೆ .308ರಲ್ಲಿ ಸಾಮಾನ್ಯ ಹಾಕೋದು 150 ಗ್ರೇನ್, ಅಂದ್ರೆ 9.7 ಗ್ರಾಂ ಬುಲೆಟ್, ಅದು ಬ್ಯಾರಲ್ ಬಿಡೋವಾಗ ಸೆಕೆಂಡಿಗೆ ಸುಮಾರು 2,820 ಅಡಿ ವೇಗದಲ್ಲಿ ಹೋಗ್ತೈತೆ. .243ರಲ್ಲಿ 100 ಗ್ರೇನ್, 6.5 ಗ್ರಾಂ, ವೇಗ ಸುಮಾರು 2,960 ಅಡಿ. ಲೆಕ್ಕ ಹಾಕಿದ್ರೆ .308ರ ಶಕ್ತಿ 2,650 ಅಡಿ-ಪೌಂಡ್ ಹತ್ರ, .243ದು 1,950ರ ಹತ್ರ. ಅಂಗಡಿಯೋರು ಈ ಎರಡು ನಂಬರ್ ಮುಂದಿಟ್ಟು ನೋಡಿ ಸಾರ್ ಎಷ್ಟು ವ್ಯತ್ಯಾಸ ಅಂತಾರೆ, ನಂಬರೇನೋ ಸರೀನೇ, ಆದ್ರೆ ಜಿಂಕೆ ನಂಬರ್ ನೋಡಿ ಬೀಳಲ್ಲ. ಅಲ್ಲಿನ ಬಿಳಿಬಾಲದ ಜಿಂಕೆ ದೊಡ್ಡ ಗಂಡಾದ್ರೂ ನೂರು ಕೆಜಿ ಆಸುಪಾಸು, ಮುಂಗಾಲಿನ ಹಿಂದೆ ಹೃದಯ, ಶ್ವಾಸಕೋಶ ಇರೋ ಜಾಗ ಸುಮಾರು 8 ಇಂಚಿನ ವೃತ್ತ. ಆ ಎಂಟು ಇಂಚಿನೊಳಗೆ ಒಳ್ಳೆ ಸಾಫ್ಟ್ ಪಾಯಿಂಟ್ (ಮೂತಿಯ ಸೀಸ ತೆರೆದಿದ್ದು, ತಾಕಿದ ಮೇಲೆ ಅರಳೋ) ಬುಲೆಟ್ ಹೋದ್ರೆ .243 ಆದ್ರೇನು .308 ಆದ್ರೇನು, ಕೆಲವು ಹೆಜ್ಜೆ ಓಡಿ ಬಿದ್ದುಬಿಡ್ತೈತೆ. ಹೊಟ್ಟೆಗೆ ಹೋದ್ರೆ, ಕಾಲಿಗೆ ಹೋದ್ರೆ, .308 ಆದ್ರೂ ಆ ಪ್ರಾಣಿ ಗಂಟೆಗಟ್ಟಲೆ ನರಳ್ತೈತೆ, ರಾತ್ರಿಯೆಲ್ಲ ಕಾಡಲ್ಲಿ ರಕ್ತದ ಗುರುತು ಹುಡುಕ್ತಾ ಅಲೆದ್ರೂ ಸಿಗದೇ ಹೋಗಬೋದು. ಬೇಟೆಗೆ ಹೋಗೋನು ಅದೊಂದು ಆಗದಂಗೆ ನೋಡ್ಕೊಬೇಕು, ಉಳಿದಿದ್ದೆಲ್ಲ ಆಮೇಲಿನ ಮಾತು.

ಹಂಗಾಗಿ ಪ್ರಶ್ನೆ ಬರೋದು ಹೊಸಬರು ಯಾವುದನ್ನ ಆ ಎಂಟು ಇಂಚಿನೊಳಗೆ ಹಾಕ್ತಾರೆ ಅನ್ನೋದು. ಮೂರೂವರೆ ಕೆಜಿ ರೈಫಲ್‌ನಲ್ಲಿ .308 ಭುಜಕ್ಕೆ ಒದೆಯೋ ಶಕ್ತಿ .243 ಒದೆಯೋದರ ಒಂದೂವರೆ ಪಟ್ಟಿಗಿಂತ ಜಾಸ್ತಿ. ನಾನು ಸೇನೇಲಿ ಇದೇ 7.62ರ ಎಸ್‌ಎಲ್‌ಆರ್ ಹೊತ್ತೋನು, ನಾಲ್ಕು ಕೆಜಿ ಮೇಲೆ ತೂಕ ಇರೋ ಅರೆ-ಆಟೊಮ್ಯಾಟಿಕ್ ರೈಫಲ್ ಅದು, ಒದೆತದ ಸುಮಾರು ಪಾಲನ್ನ ಅದರ ತೂಕಾನೂ ಗ್ಯಾಸ್ ಸಿಸ್ಟಮ್ಮೂ ನುಂಗ್ತಿದ್ವು, ಅಷ್ಟಿದ್ರೂ ಹೊಸ ಹುಡುಗರು ಮೊದಮೊದಲು ಟ್ರಿಗರ್ ಒತ್ತೋ ಮುಂಚೇನೇ ಕಣ್ಣು ಮುಚ್ಚಿ ಭುಜ ಎಗರಿಸ್ತಿದ್ದಿದ್ದನ್ನ ಕಣ್ಣಾರೆ ನೋಡೀನಿ. ಬೇಟೆಯ ಬೋಲ್ಟ್ ರೈಫಲ್ಲು, ಅಂದ್ರೆ ಪ್ರತಿ ಗುಂಡಿಗೂ ಕೈಯಲ್ಲೇ ಬೋಲ್ಟ್ ಎಳೆದು ತೋಟಾ ತುಂಬೋದು, ಅದಕ್ಕಿಂತ ಹಗುರ, ಒದೆತ ಪೂರ್ತಿ ಭುಜಕ್ಕೇ. ಒಂದು ಸಲ ಈ ಬೆಚ್ಚೋ ಚಾಳಿ ಹತ್ತಿಬಿಟ್ರೆ ಬಿಡಿಸೋದು ಭಾಳ ಕಷ್ಟ, ಗುಂಡು ಕೆಳಕ್ಕೋ ಪಕ್ಕಕ್ಕೋ ಹೋಗ್ತೈತೆ, ಹುಡುಗ ರೈಫಲ್ ಸರಿ ಇಲ್ಲ, ಟೆಲಿಸ್ಕೋಪ್ ಸರಿ ಇಲ್ಲ ಅಂತ ದುಡ್ಡು ಸುರೀತಾನೆ. ಸೊಸೆ ಕಲಿಬೇಕು ಅಂತಿದಾಳಲ್ಲ, ಆ ಹುಮ್ಮಸ್ಸು ಮೊದಲ ದಿನಾನೇ ಭುಜ ನೋವಾಗಿ ಸತ್ತು ಹೋಗಬಾರದು, ನನಗೆ ಅದೇ ಮುಖ್ಯ ಅನ್ಸಿದ್ದು. ರೈಫಲ್ ತಗೊಳ್ಳೋವಾಗ ಹಿಂದಿನ ಮರದ ಹಿಡಿ ಇಬ್ಬರ ಕೈಯಳತೆಗೂ ಹೊಂದತೈತಾ ಅಂತ ಹೆಗಲಿಗೆ ಇಟ್ಟು ನೋಡ್ಲಿ, ಗಂಡಸರ ಅಳತೇದು ಹೆಣ್ಮಕ್ಕಳಿಗೆ ಸಾಮಾನ್ಯ ಉದ್ದ ಆಗ್ತೈತೆ, ಉದ್ದ ಆದ್ರೆ ಒದೆತ ಭುಜದ ಗುಳಿ ಬಿಟ್ಟು ತೋಳಿಗೆ ಬೀಳ್ತೈತೆ.

ದೂರದ ಮಾತು. .243 ಗೆರೆ ಎಳೆದಂಗೆ ಹೋಗ್ತೈತೆ, .308 ಬೇಗ ಬೀಳ್ತೈತೆ ಅಂತ ಜನ ಹೇಳೋದರಲ್ಲಿ ನಿಜ ಐತೆ, ಆದ್ರೆ ಸ್ವಲ್ಪಾನೇ. ಎರಡನ್ನೂ 200 ಗಜಕ್ಕೆ ಸರಿ ಹೊಂದಿಸಿಟ್ರೆ 300 ಗಜದಲ್ಲಿ .243 ಸುಮಾರು 7-8 ಇಂಚು ಕೆಳಗೆ ಬೀಳ್ತೈತೆ, .308 ಸುಮಾರು 8-9 ಇಂಚು. ಈ ಒಂದಿಂಚಿಗೆ ಯಾರೂ ರೈಫಲ್ ಆರಿಸ್ಬಾರದು. ಪೆನ್ಸಿಲ್ವೇನಿಯಾ ಅಂದ್ರೆ ಓಕ್, ಮೇಪಲ್ ಮರಗಳ ಒತ್ತು ಕಾಡು, ಅಲ್ಲಿ ಜಿಂಕೆ ಕಾಣೋದೇ ಬಹಳ ಸಲ ನೂರು ಗಜದೊಳಗೆ.

ಬುಲೆಟ್ ವಿಷಯಕ್ಕೆ ಮಾತ್ರ .243 ತಗೊಂಡೋರು ಹುಷಾರಾಗಿರಬೇಕು. ಅದರಲ್ಲಿ 55-60 ಗ್ರೇನಿನ ಹಗುರ ಬುಲೆಟ್ಟೂ ಸಿಗ್ತಾವೆ, ಅವು ನರಿ, ಕಾಡು ಇಲಿಜಾತಿ ಪ್ರಾಣಿಗೆ ಅಂತ ಮಾಡಿದ್ದು, ಚರ್ಮ ತಾಕಿದ ಕೂಡ್ಲೇ ಒಡೆದು ಚೂರಾಗ್ತಾವೆ, ಜಿಂಕೆ ಭುಜಕ್ಕೆ ಬಿದ್ರೆ ಮೇಲ್ಮೇಲೆ ದೊಡ್ಡ ಗಾಯ ಆಗಿ ಒಳಗೆ ಹೋಗೋದೇ ಇಲ್ಲ. .243 ಜಿಂಕೆಗೆ ಸಾಲಲ್ಲ ಅಂತ ಕೇಳಿಬರೋ ದೂರಿನಲ್ಲಿ ಬಹಳಷ್ಟು ಇಂಥ ಬುಲೆಟ್ ಹಾಕಿದೋರದ್ದು. 90ರಿಂದ 100 ಗ್ರೇನ್, ಜಿಂಕೆಗೆ ಅಂತ ಡಬ್ಬಿ ಮೇಲೆ ಬರೆದಿರೋದು ತಗೊಳ್ಳಲಿ. ಸೀಸ ಇಲ್ಲದ ಪೂರ್ತಿ ತಾಮ್ರದ ಬುಲೆಟ್ ಆದ್ರೆ 80-85 ಗ್ರೇನ್ ಸಾಕು, ತಾಮ್ರ ಸೀಸಕ್ಕಿಂತ ಹಗುರ ಅಲ್ವಾ, ಅದೇ ತೂಕಕ್ಕೆ ಬುಲೆಟ್ ಉದ್ದ ಆಗಿಬಿಡ್ತೈತೆ, ಸಾಮಾನ್ಯ .243 ಬ್ಯಾರಲ್ಲು ಹತ್ತು ಇಂಚಿಗೆ ಒಂದು ಸುತ್ತು ತಿರುಗೋ ಗೀರು ಇರೋದ್ರಿಂದ ತೀರಾ ಉದ್ದದ ಬುಲೆಟ್‌ನ ನೆಟ್ಟಗೆ ತಿರುಗಿಸಲ್ಲ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈಯಿಂದ ಬೇಟೆಗೆ ಸೀಸದ ಗುಂಡು ಪೂರ್ತಿ ಬಂದ್, ಅಲ್ಲಿರೋ ನಮ್ಮೋರು ಇದನ್ನ ಗಮನಿಸ್ಬೇಕು. .308ಕ್ಕೆ ಈ ತಲೆನೋವು ಕಮ್ಮಿ, 125 ಗ್ರೇನಿಂದ 180 ಗ್ರೇನ್ ತನಕ ಯಾವುದು ಹಾಕಿದ್ರೂ ತಡ್ಕೊಳ್ತೈತೆ. ಎಫ್‌ಎಂಜೆ ಅಂತ ಮೂತಿ ಪೂರ್ತಿ ಮುಚ್ಚಿರೋ ಮಿಲಿಟರಿ ಬುಲೆಟ್ ಪೇಪರ್‌ಗೆ ಸರಿ, ಪ್ರಾಣಿಗೆ ಎರಡರಲ್ಲೂ ಬೇಡ್ವೇ ಬೇಡ, ಸೂಜಿಯಂಗೆ ಆಕಡೆ ತೂರಿ ಹೋಗಿಬಿಡ್ತೈತೆ.

ಇನ್ನು ರೇಂಜ್. ಇಲ್ಲಿ .308 ಗೆಲ್ತೈತೆ, ಅದನ್ನ ಒಪ್ಕೊಬೇಕು. ಮಿಲಿಟರಿ ತೋಟಾದ ಬಳಗ ಆಗಿದ್ದಕ್ಕೆ ಪ್ರಾಕ್ಟೀಸ್ ತೋಟಾ ಎಲ್ಲಾ ಕಡೆ ಸಿಗ್ತೈತೆ, ಸಾಮಾನ್ಯವಾಗಿ .243ಕ್ಕಿಂತ ಅಗ್ಗಾನೂ ಹೌದು. ಸಾವಿರ ಗಜದ ತನಕ ಹೋಗೋ ಪಾಲ್ಮಾ ಸ್ಪರ್ಧೇಲಿ ಹೆಚ್ಚಿನೋರು ಬಳಸೋದು .308, ಎಫ್-ಕ್ಲಾಸ್ ಅನ್ನೋ ಇನ್ನೊಂದು ದೂರದ ಗುರಿಯ ಸ್ಪರ್ಧೆಯ ಎಫ್-ಟಿಆರ್ ವಿಭಾಗದಲ್ಲಿ .223, .308 ಎರಡಕ್ಕೆ ಮಾತ್ರ ಅವಕಾಶ. 168 ಗ್ರೇನಿನ ಮ್ಯಾಚ್ (ಸ್ಪರ್ಧೆಗೆ ಅಂತ ಮಾಡಿರೋ) ಬುಲೆಟ್ ಹಾಕಿ ಹೊಡೆದ್ರೆ ಎಂಥಾ ರೈಫಲ್ಲೂ ಮರ್ಯಾದೆ ಉಳಿಸ್ತೈತೆ. ಬ್ಯಾರಲ್ ಬಾಳಿಕೇನೂ ಹಂಗೇ. ಅಷ್ಟೇ ಮದ್ದಿನ ಬೆಂಕಿ ಸಣ್ಣ ತೂತಿನಲ್ಲಿ ನುಗ್ಗಬೇಕಾಗಿರೋದ್ರಿಂದ .243ರ ಬ್ಯಾರಲ್ಲಿನ ಬಾಯಿ, ಅಂದ್ರೆ ತೋಟಾ ಕೂರೋ ಚೇಂಬರ್ ಮುಗಿದು ಗೀರು ಶುರು ಆಗೋ ಜಾಗ, ಬೇಗ ಸವೀತೈತೆ. ಒಂದೂವರೆ ಎರಡು ಸಾವಿರ ಗುಂಡು ಆದ್ಮೇಲೆ .243 ತನ್ನ ಮೊದಲಿನ ನಿಖರತೆ ಕಳ್ಕೊಳ್ಳಕ್ಕೆ ಶುರು ಮಾಡಬೋದು, .308 ಐದು ಸಾವಿರ ದಾಟಿದ್ರೂ ಸುಮ್ನೆ ಹೊಡೀತಿರ್ತೈತೆ. ಬರೀ ಬೇಟೆಗಾದ್ರೆ ವರ್ಷಕ್ಕೆ ನಲವತ್ತು ಐವತ್ತು ಗುಂಡು, ಬ್ಯಾರಲ್ ಸವೆಯೋ ಹೊತ್ತಿಗೆ ಮೊಮ್ಮಕ್ಕಳು ಲೈಸೆನ್ಸ್ ತಗೊಂಡಿರ್ತಾರೆ. ಆದ್ರೆ ವಾರವಾರ ರೇಂಜಲ್ಲಿ ಸುರಿಯೋದಾದ್ರೆ ಯೋಚನೆ ಮಾಡೋ ವಿಷಯಾನೇ.

ಅದಕ್ಕೆ ನನ್ನ ಸಲಹೆ ಏನಂದ್ರೆ, ಒಂದೇ ರೈಫಲ್ ಅನ್ನೋ ಹಠ ಬಿಟ್ಟು .243 ಜೊತೆ ಒಂದು ಸಾದಾ .22 ಬೋಲ್ಟ್ ರೈಫಲ್ ತಗೊಳ್ಳಲಿ. ರೇಂಜಿನ ಹತ್ತರಲ್ಲಿ ಒಂಬತ್ತು ಪಾಲು ಗುಂಡು .22ರಲ್ಲೇ ಹೊಡೀಲಿ, ಉಸಿರು ಹಿಡಿಯೋದು, ಟ್ರಿಗರ್ ಮೆಲ್ಲಗೆ ಒತ್ತೋದು, ಹೊಡೆದ ಮೇಲೂ ಕಣ್ಣು ಟಾರ್ಗೆಟ್ ಮೇಲೇ ಇಡೋದು, ಇವೆಲ್ಲ ಅದರಲ್ಲೇ ಬರ್ತೈತೆ, ಒಂದು ಗುಂಡಿನ ಖರ್ಚು ದೊಡ್ಡದರ ಎದುರಿಗೆ ಏನೂ ಅಲ್ಲ. ಕೊನೇಗೆ .243ರಲ್ಲಿ ಹತ್ತು ಹದಿನೈದು ಹೊಡೆದು ಮನೆಗೆ ಬರಲಿ. ಅದೂ ಬೆಂಚಿನ ಮೇಲೆ ಮರಳುಚೀಲ ಇಟ್ಟು ಮಾತ್ರ ಅಲ್ಲ, ಮೊಣಕಾಲೂರಿ, ಕೂತು, ಮರಕ್ಕೆ ಒರಗಿ, ಕಾಡಲ್ಲಿ ಬೆಂಚ್ ಇರಲ್ಲ.

ಕರಡಿಗೆ ಬರೋಣ. ಪೆನ್ಸಿಲ್ವೇನಿಯಾದ ಕಪ್ಪು ಕರಡಿ ಇನ್ನೂರು ಕೆಜಿ ದಾಟೋದೂ ಉಂಟು, ದಪ್ಪ ಕೊಬ್ಬು, ಗಟ್ಟಿ ಮೂಳೆ. .243ರಲ್ಲಿ ಕರಡಿ ಹೊಡೆದೋರು ಇದಾರೆ, ಆದ್ರೆ ಹೊಸಬರ ಕೈಗೆ ನಾನು ಕೊಡಲ್ಲ, ಕರಡಿ ನೀಟಾಗಿ ಪಕ್ಕ ತಿರುಗಿ ನಿಲ್ಲದೇ ಓರೆ ನಿಂತ್ರೆ ಹಗುರ ಬುಲೆಟ್ಟಿಗೆ ಒಳಗೆ ತಲುಪೋ ದಮ್ಮು ಕಮ್ಮಿ. ಅಲ್ಲಿ .308, 165 ಅಥವಾ 180 ಗ್ರೇನ್. ಎಲ್ಕ್ ಅಂತ ಮುನ್ನೂರು ಕೆಜಿ ಮೇಲಿನ ದೊಡ್ಡ ಜಿಂಕೆಗೂ ಅದೇ ಮಾತು. ಅದಕ್ಕೇ ಮೊದಲೇ ಹೇಳಿದ್ದು, ಕರಡಿ ಖಾತ್ರಿ ಆದ್ರೆ .308 ತಗೊಳ್ಳಲಿ ಅಂತ. 125 ಗ್ರೇನ್ ಆಸುಪಾಸಿನದನ್ನ ಕಮ್ಮಿ ಒದೆತದ ತೋಟಾ ಅಂತಾನೇ ಮಾರ್ತಾರೆ, ಅದರಲ್ಲಿ ಇಬ್ರೂ ಕಲೀಲಿ, ಒದೆತ .243ರ ಹತ್ರಹತ್ರ ಬರ್ತೈತೆ, ಕೈ ಕೂತ ಮೇಲೆ ಭಾರದ್ದು ಹಾಕ್ಕೊಬೋದು. ಇವೆರಡರ ಮಧ್ಯದ್ದು ಬೇಕು ಅನ್ನೋರಿಗೆ ಇದೇ ಮನೆತನದ 7ಎಂಎಂ-08 ಐತೆ, 1980ರಲ್ಲಿ ರೆಮಿಂಗ್ಟನ್ ಕಂಪನಿ ತಂದಿದ್ದು, ನನಗೆ ಭಾಳ ಇಷ್ಟ ಅದು, ಆದ್ರೆ ಸಣ್ಣ ಊರಿನ ಅಂಗಡೀಲಿ ತೋಟಾ ಈ ಎರಡರಷ್ಟು ಸಲೀಸಾಗಿ ಸಿಗಲ್ಲ.

ಕಾನೂನಿನ ಮಾತು ಬಿಡೋ ಹಂಗಿಲ್ಲ, ತೋಟಾ ಆರಿಸೋದರಲ್ಲಿ ಅರ್ಧ ಕಾನೂನೇ. ಪೆನ್ಸಿಲ್ವೇನಿಯಾದಲ್ಲಿ ಮೊದಲ ಸಲ ಲೈಸೆನ್ಸ್ ತಗೊಳ್ಳೋರು ಬೇಟೆಯ ಸುರಕ್ಷತಾ ತರಬೇತಿ ಮುಗಿಸ್ಲೇಬೇಕು. ದೊಡ್ಡ ಪ್ರಾಣಿಗೆ ಅರೆ-ಆಟೊಮ್ಯಾಟಿಕ್ ರೈಫಲ್ ನಡೆಯಲ್ಲ, ಬೋಲ್ಟ್ ಆಕ್ಷನ್ನೇ ತಗೊಳ್ಳಲಿ. ರೈಫಲ್ ಸೀಸನ್ನಿನಲ್ಲಿ ತಲೆ, ಎದೆ, ಬೆನ್ನು ಸೇರಿ 250 ಚದರ ಇಂಚು ಹೊಳೆಯೋ ಕಿತ್ತಳೆ ಬಣ್ಣದ ಬಟ್ಟೆ ಕಾಣ್ಬೇಕು, ಇಲ್ಲಾಂದ್ರೆ ಪೊದೆಯಾಚೆ ಕೂತಿರೋ ಇನ್ನೊಬ್ಬನಿಗೆ ಇವರು ಮನುಷ್ಯರು ಅಂತ ಗೊತ್ತಾಗಲ್ಲ. ಪಕ್ಕದ ಒಹಾಯೊಗೆ ಹೋದ್ರೆ ಜಿಂಕೆಗೆ .243ಊ ಇಲ್ಲ .308ಊ ಇಲ್ಲ, ಅಲ್ಲಿ ರೈಫಲ್ ಅಂದ್ರೆ ಕುತ್ತಿಗೆ ಇಲ್ಲದ ನೇರ ಕೇಸಿನ ತೋಟಾ ಮಾತ್ರ. ಕೊಲರಾಡೊದಲ್ಲಿ ದೊಡ್ಡ ಪ್ರಾಣಿಗೆ ಕನಿಷ್ಠ .24 ಕ್ಯಾಲಿಬರ್, ಅಂದ್ರೆ .243 ಬಾಗಿಲಲ್ಲೇ ಒಳಗೆ. ಇಂಗ್ಲೆಂಡಿನ 1991ರ ಜಿಂಕೆ ಕಾಯ್ದೆ ದೊಡ್ಡ ಜಿಂಕೆಗೆ .240 ಇಂಚು, 1,700 ಅಡಿ-ಪೌಂಡ್ ಕನಿಷ್ಠ ಅಂತೈತೆ, ಅಲ್ಲಿ .243 ಅಷ್ಟು ಓಡೋಕೆ ಅದೂ ಒಂದು ಕಾರಣ. ಜರ್ಮನೀಲಿರೋ ನಮ್ಮ ಹುಡುಗರಿಗೆ ಉಲ್ಟಾ, ಅಲ್ಲಿ ಕೆಂಪು ಜಿಂಕೆ, ಕಾಡುಹಂದಿಗೆ ಕನಿಷ್ಠ 6.5 ಮಿಲಿಮೀಟರ್ ಬೇಕು, .243 ಕೂದಲೆಳೆ ಕಮ್ಮಿ ಬಿದ್ದು ಹೊರಗೆ ಉಳೀತೈತೆ, ಸಣ್ಣ ರೋ ಜಿಂಕೆಗೆ ಮಾತ್ರ ನಡೀತೈತೆ.

ಮಗನಿಗೆ ಗ್ರೀನ್ ಕಾರ್ಡ್ ಐತೆ ಅಂದ್ರಲ್ಲ, ಸೊಸೆಗೂ ಐತಾ ಅಂತ ಕೇಳಿ ಮೇಷ್ಟ್ರೇ, ಇದು ಭಾಳ ಮುಖ್ಯ. ಎಚ್-1ಬಿ ಥರದ ತಾತ್ಕಾಲಿಕ ವೀಸಾದಲ್ಲಿ ಇರೋರು ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಬಂದೂಕು, ತೋಟಾ ಇಟ್ಕೊಳ್ಳೋ ಹಂಗೇ ಇಲ್ಲ, ಕೆಲವೇ ವಿನಾಯಿತಿ ಇದಾವೆ, ಚಾಲ್ತಿಯಲ್ಲಿರೋ ಬೇಟೆ ಲೈಸೆನ್ಸ್ ಇರೋದು ಅದರಲ್ಲೊಂದು. ರೈಫಲ್ ಮುಟ್ಟೋಕೆ ಮುಂಚೆ, ಗೆಳೆಯರ ರೈಫಲ್ ರೇಂಜಲ್ಲಿ ಹಿಡಿಯೋಕೂ ಮುಂಚೆ, ಅಲ್ಲಿನ ವಕೀಲರನ್ನ ಒಂದು ಮಾತು ಕೇಳಲಿ. ದಾವಣಗೆರೆಯಿಂದ ಹೋಗಿರೋ ಎಷ್ಟೋ ಮಕ್ಕಳು ಅದೇ ವೀಸಾದಲ್ಲಿ ಇದಾರೆ, ಒಂದು ಫೋಟೋ ಹಾಕ್ಕೊಳ್ಳೋ ಆಸೆಗೆ ಬದುಕೇ ಹಾಳಾಗಬಾರದು.

ಕಿವಿಗೆ ಮಫ್, ಕಣ್ಣಿಗೆ ಕನ್ನಡಕ, ಎರಡೂ ರೈಫಲ್ಲಿಗೂ. ಇವುಗಳ ಸದ್ದು 160 ಡೆಸಿಬೆಲ್ ಆಸುಪಾಸು, ಒಂದೇ ಗುಂಡಿಗೆ ಕಿವಿ ಶಾಶ್ವತವಾಗಿ ಹೋಗಬೋದು.

ಪ್ರಶ್ನೆ: ಸಾರ್, ನಾನು ಚಿತ್ರದುರ್ಗದ ಮಾಜಿ ಸೈನಿಕ. ನಮ್ಮ ಎಸ್‌ಎಲ್‌ಆರ್‌ನ 7.62 ತೋಟಾನೂ ಈ .308 ವಿಂಚೆಸ್ಟರ್ರೂ ಒಂದೇ ಅಂತ ಹುಡುಗರು ವಾದ ಮಾಡ್ತಾರೆ. ಹೌದಾ? ಹಂಗಾದ್ರೆ ಇಲ್ಲಿ .308 ಲೈಸೆನ್ಸ್ ಸಿಗ್ತೈತಾ?

ಉತ್ತರ: ಹೊರಗಿನ ಅಳತೆ ಒಂದೇ, ಒಳಗೆ ಪೂರ್ತಿ ಒಂದಲ್ಲ ಸಾರ್. ಮಿಲಿಟರಿ ತೋಟಾದ ಹಿತ್ತಾಳೆ ಕೇಸ್ ಸ್ವಲ್ಪ ದಪ್ಪ ಗೋಡೇದು, ಮಿಲಿಟರಿ ಚೇಂಬರ್ ಸ್ವಲ್ಪ ಸಡಿಲ, ಕೆಸರು ಧೂಳಲ್ಲೂ ತೋಟಾ ಸಿಕ್ಕಿಹಾಕ್ಕೊಬಾರದು ಅಂತ. ಹೊಸ .308 ರೈಫಲ್‌ನಲ್ಲಿ ಒಳ್ಳೆ 7.62 ಹಾಕಿ ಹೊಡೆಯೋದು ಅಮೆರಿಕದಲ್ಲಿ ಮಾಮೂಲು. ಉಲ್ಟಾ ಮಾಡೋವಾಗ, ಅಂದ್ರೆ ಹಳೇ ಮಿಲಿಟರಿ ರೈಫಲ್‌ಗೆ ಅಂಗಡಿಯ .308 ಹಾಕೋವಾಗ, ಗನ್‌ಸ್ಮಿತ್ (ಬಂದೂಕು ರಿಪೇರಿಯೋರು) ಹತ್ರ ಚೇಂಬರ್ ಅಳತೆ ಮಾಡಿಸದೇ ಮುಟ್ಟಬಾರದು. 1962ರ ಚೀನಾ ಯುದ್ಧದ ನಂತರ ನಮ್ಮ ಇಷಾಪುರ ರೈಫಲ್ ಫ್ಯಾಕ್ಟರಿ ಲೀ-ಎನ್‌ಫೀಲ್ಡ್ ನಮೂನೇನ 7.62ಗೆ ಬದಲಾಯಿಸಿ 2ಎ, 2ಎ1 ಅಂತ ಮಾಡ್ತಲ್ಲ, ಅವು ಈಗ ಅಮೆರಿಕದ ಸಂಗ್ರಹಕಾರರ ಕೈಯಲ್ಲಿ ಬಹಳ ಇದಾವೆ, ಅಲ್ಲಿ ಇದೇ ಚರ್ಚೆ ಇವತ್ತಿಗೂ ನಡೀತಿರ್ತೈತೆ.

ಇದಕ್ಕಿಂತ ಅಪಾಯದ್ದು ಇನ್ನೊಂದು ಐತೆ. .243 ತೋಟಾ ತಪ್ಪಿ .308 ಚೇಂಬರಿಗೆ ಹಾಕಿದ್ರೆ ಒಳಗೆ ಹೋಗಿಬಿಡ್ತೈತೆ, ಯಾಕಂದ್ರೆ ಕೇಸ್ ಒಂದೇ ಮನೇದು, ಕುತ್ತಿಗೆ ಮಾತ್ರ ಸಣ್ಣ. ಹೊಡೆದ್ರೆ ಕುತ್ತಿಗೆ ಸೀಳಿ ಬಿಸಿ ಗ್ಯಾಸ್ ಹೊಡೆಯೋನ ಮುಖದ ಕಡೆ ಬರಬೋದು. ಮನೇಲಿ ಎರಡೂ ರೈಫಲ್ ಇರೋರು ಒಂದು ದಿನಕ್ಕೆ ಒಂದೇ ತೋಟಾ ಡಬ್ಬಿ ಬೆಂಚ್ ಮೇಲೆ ಇಡ್ಬೇಕು, ಪ್ರತಿ ತೋಟಾದ ತಳದ ಮೇಲಿನ ಅಚ್ಚು ಓದಿ ಹಾಕ್ಬೇಕು.

ಲೈಸೆನ್ಸ್ ವಿಷಯ ನಿಮಗೆ ಗೊತ್ತಿರೋದೇ. ನಮ್ಮಲ್ಲಿ 7.62, .303 ಎರಡೂ ನಿಷೇಧಿತ ಬೋರ್, ಅಂದ್ರೆ ಮಾಮೂಲಿ ಲೈಸೆನ್ಸಿಗೆ ಸಿಗದ ಅಳತೆ. ಮಾಮೂಲಿ ಪ್ರಜೆಗೆ ರೈಫಲ್ ಅಂದ್ರೆ .22, .315, .30-06 ಕಡೆಗೇ ನೋಡ್ಬೇಕು. 2019ರ ತಿದ್ದುಪಡಿ ಆದ್ಮೇಲೆ ಒಬ್ಬರಿಗೆ ಎರಡೇ ಬಂದೂಕು, ಮೊದ್ಲು ಮೂರಿತ್ತು. ಲೈಸೆನ್ಸ್ ಅವಧಿ ಮೂರು ವರ್ಷ ಇದ್ದಿದ್ದು ಐದಾಗೈತೆ.

ಪ್ರಶ್ನೆ: ನಾನು ಜಗಳೂರು ತಾಲ್ಲೂಕಿನ ರೈತ. ಮೆಕ್ಕೆಜೋಳ ತೆನೆ ಕಟ್ಟೋ ಹೊತ್ತಿಗೆ ಕಾಡುಹಂದಿ ಬಂದು ಒಂದೇ ರಾತ್ರಿಗೆ ಅರ್ಧ ಎಕರೆ ಮಲಗಿಸಿ ಹೋಗ್ತಾವೆ. ನಮ್ಮಪ್ಪನ ಕಾಲದ .315 ರೈಫಲ್ ಲೈಸೆನ್ಸ್ ಸಮೇತ ಐತೆ. ಅದು ಹಳೇದು, .30-06 ತಗೋ ಅಂತಾರೆ. ಹಂದಿಗೆ ಯಾವುದು ಒಳ್ಳೇದಣ್ಣ?

ಉತ್ತರ: ನಿಮ್ಮ ಹೊಟ್ಟೆಯ ಉರಿ ಅರ್ಥ ಆಗ್ತೈತೆ ತಮ್ಮಾ, ಬಿತ್ತನೆ ಬೀಜ, ಗೊಬ್ಬರ, ಆಳು ಅಂತ ಸಾಲ ಮಾಡಿ ಬೆಳೆದಿದ್ದು ಬೆಳಗಾಗೋದರೊಳಗೆ ಹೋದ್ರೆ ಯಾರಿಗಾದ್ರೂ ಕೈ ಬಂದೂಕಿನ ಕಡೆ ಹೋಗ್ತೈತೆ. ಆದ್ರೆ ಬಂದೂಕಿನ ಲೈಸೆನ್ಸ್ ಬೇರೆ, ಪ್ರಾಣಿ ಹೊಡೆಯೋ ಅನುಮತಿ ಬೇರೆ. 1972ರ ವನ್ಯಜೀವಿ ಕಾಯ್ದೆಯ 9ನೇ ಕಲಮಿನಲ್ಲಿ ಬೇಟೆ ನಿಷೇಧ. 2022ರ ತಿದ್ದುಪಡಿ ಬಂದು 2023ರ ಏಪ್ರಿಲ್‌ನಿಂದ ಕಾಡುಹಂದಿ ಆ ಕಾಯ್ದೆಯ ಎರಡನೇ ಶೆಡ್ಯೂಲ್‌ನಲ್ಲಿ (ರಕ್ಷಿತ ಪ್ರಾಣಿಗಳ ಪಟ್ಟಿ) ಐತೆ. ಬೆಳೆಗೆ ಅಪಾಯ ಆಗೈತೆ ಅಂತ 11ನೇ ಕಲಮಿನ ಪ್ರಕಾರ ಮುಖ್ಯ ವನ್ಯಜೀವಿ ವಾರ್ಡನ್ ಅಥವಾ ಅವರು ಅಧಿಕಾರ ಕೊಟ್ಟಿರೋ ಅಧಿಕಾರಿ ಬರವಣಿಗೇಲಿ ಅನುಮತಿ ಕೊಟ್ರೆ ಮಾತ್ರ ಹೊಡಿಬೋದು, ಹಂಗೆ ಹೊಡೆದ ಪ್ರಾಣಿನೂ ಸರ್ಕಾರದ ಸ್ವತ್ತು, ಮಾಂಸ ಮನೆಗೆ ತರೋ ಹಂಗಿಲ್ಲ. ಆ ಕಾಗದ ಕೈಯಲ್ಲಿ ಇಲ್ಲದೇ .315 ಆದ್ರೂ .30-06 ಆದ್ರೂ ಜೈಲೇ. ನಿಮ್ಮ ತಾಲ್ಲೂಕಿನಲ್ಲೇ ರಂಗಯ್ಯನದುರ್ಗದ ಕೊಂಡುಕುರಿ ಅಭಯಾರಣ್ಯ ಐತೆ, ಕತ್ತಲಲ್ಲಿ ಹಂದಿ ಅಂತ ಹೊಡೆದಿದ್ದು ಕೊಂಡುಕುರಿಯೋ ಕೃಷ್ಣಮೃಗವೋ ಆದ್ರೆ ಅದು ಒಂದನೇ ಶೆಡ್ಯೂಲ್, ಯಾರೂ ಬಿಡಿಸಕ್ಕಾಗಲ್ಲ. ಕರೆಂಟ್ ತಂತಿ, ಉರುಲು ಅಂತೂ ಬೇಡ್ವೇ ಬೇಡ, ನೀರು ಕಟ್ಟಕ್ಕೆ ಹೋದ ಮನುಷ್ಯರೇ ಅದಕ್ಕೆ ಸಿಕ್ಕಿ ಸಾಯ್ತಾರೆ.

ಎರಡು ತೋಟಾ ಹೋಲಿಸು ಅಂದ್ರೆ ಹೋಲಿಸ್ತೀನಿ. .315 ಅನ್ನೋದು ಮೂಲ ಆಸ್ಟ್ರಿಯಾದ 8 ಮಿಲಿಮೀಟರ್ ಮ್ಯಾನ್ಲಿಚರ್ ತೋಟಾ. ಬ್ರಿಟಿಷರ ಕಾಲದಲ್ಲಿ ಸೈನ್ಯದ .303 ಪ್ರಜೆಗಳ ಕೈಗೆ ಸಿಗಬಾರದು ಅಂತ ಇದ್ದಾಗ ನಮ್ಮ ದೇಶದಲ್ಲಿ ಇದು ಬೇರೂರ್ತು. 244 ಗ್ರೇನಿನ ಭಾರದ ಬುಲೆಟ್, ನಿಧಾನ ಹೋಗ್ತೈತೆ, ನೂರು ಗಜದೊಳಗೆ ಹಂದಿಗೆ ಧಾರಾಳ. .30-06 ಅಮೆರಿಕದ 1906ರ ತೋಟಾ, 180 ಗ್ರೇನ್ ಬುಲೆಟ್ ಸೆಕೆಂಡಿಗೆ ಸುಮಾರು 2,700 ಅಡಿ ಹೋಗ್ತೈತೆ, ಎಲ್ಲಾ ಲೆಕ್ಕದಲ್ಲೂ ಅದೇ ಮೇಲು. ಆದ್ರೆ ನಿಮ್ಮ ಹೊಲ ಬಯಲು, ಆಚೆ ಈಚೆ ಊರು, ದನ ಕಾಯೋರು, ಬೋರ್ ಹತ್ರ ಮಲಗೋರು. ಇಂಥ ರೈಫಲ್ ಗುಂಡು ತಪ್ಪಿದ್ರೆ ಮೂರು ಕಿಲೋಮೀಟರ್ ಆಚೆ ಹೋದ್ರೂ ಹೋಯ್ತು, ಹಿಂದೆ ಮಣ್ಣಿನ ದಿಬ್ಬ ಇಲ್ಲದೇ ರಾತ್ರಿ ಹೊತ್ತು ಹೊಡೆಯೋದು ಜೀವದ ಜೊತೆ ಆಟ. ಅನುಮತಿ ಸಿಕ್ಕಿದ್ರೂ ನಾನಾದ್ರೆ ಹೊಲದ ಅಂಚಿನ ಅಟ್ಟಣಿಗೆ ಮೇಲೆ ಕೂತು, ಮೂವತ್ತು ಮೀಟರ್ ಒಳಗೆ, ಕೆಳಮುಖವಾಗಿ ಹನ್ನೆರಡು ಬೋರಿನ ಕೋವಿ ಬಳಸ್ತೀನಿ, ಎರಡೂ ರೈಫಲ್ ಮನೇಲೇ ಬಿಡ್ತೀನಿ. ಹಂಗಾಗಿ .30-06ಗೆ ದುಡ್ಡು ಹಾಕಬೇಡಿ. ಆ ದುಡ್ಡಲ್ಲಿ ಸೋಲಾರ್ ಬೇಲಿ ನೋಡಿ, ಅರಣ್ಯ ಇಲಾಖೆಗೆ ಮಾನ್ಯತೆ ಇರೋ ನಮೂನೇದು. ಬೆಳೆ ಹೋದ ಬೆಳಿಗ್ಗೇನೇ ಫೋಟೋ ತೆಗೆದು, ಪಹಣಿ ಹಿಡ್ಕೊಂಡು ಅರಣ್ಯ ಇಲಾಖೆ ರೇಂಜ್ ಆಫೀಸಿಗೆ ಹೋಗಿ ಇ-ಪರಿಹಾರದಲ್ಲಿ (ಬೆಳೆ ನಷ್ಟದ ಪರಿಹಾರ ಕೇಳೋ ಆನ್‌ಲೈನ್ ವ್ಯವಸ್ಥೆ) ಅರ್ಜಿ ಹಾಕಿಸಿ, ತಡ ಮಾಡಿದ್ರೆ ಹೆಜ್ಜೆಗುರುತು ಅಳಿಸಿ ಹೋಗ್ತೈತೆ, ಸ್ಥಳ ನೋಡಕ್ಕೆ ಬಂದೋರಿಗೆ ತೋರಿಸಕ್ಕೆ ಏನೂ ಉಳಿಯಲ್ಲ.

ಪ್ರಶ್ನೆ: ಸರ್, ನಾನು ಚಿತ್ರದುರ್ಗದಲ್ಲಿ ಡಿಗ್ರಿ ಓದ್ತಿದೀನಿ, ಎನ್‌ಸಿಸಿ ಕ್ಯಾಂಪಲ್ಲಿ .22 ಹೊಡೆದು ರುಚಿ ಹತ್ತೈತೆ. ಬೇಟೆ ಎಲ್ಲ ಬೇಡ, ಸ್ಪರ್ಧೆಗೆ ಹೋಗ್ಬೇಕು. ದೊಡ್ಡ ರೈಫಲ್ಲಿಂದ ಶುರು ಮಾಡಿದ್ರೆ ಬೇಗ ಕಲೀಬೋದಾ?

ಉತ್ತರ: ಉಲ್ಟಾ ಮಗಳೇ, ಸಣ್ಣದರಿಂದ ಶುರು ಮಾಡಿದೋರೇ ಬೇಗ ಕಲಿಯೋದು. 10 ಮೀಟರ್ ಏರ್ ರೈಫಲ್, .177. ಇಪ್ಪತ್ತು ಜೌಲ್ ಒಳಗಿನ ಏರ್ ರೈಫಲ್ಲಿಗೆ ಬಂದೂಕಿನ ಲೈಸೆನ್ಸ್ ಬೇಕಾಗಿಲ್ಲ, ಮನೇಲಿ ಹತ್ತು ಮೀಟರ್ ಉದ್ದದ ಮುಚ್ಚಿದ ಜಾಗ, ಆ ಕೊನೇಲಿ ಗಟ್ಟಿ ಪೆಲೆಟ್ ಬಾಕ್ಸ್ ಇದ್ರೆ ಸಾಕು. ಸುಲಭ ಅಂದ್ಕೊಬೇಡ, ಅದರ ಹತ್ತು ಅಂಕದ ಚುಕ್ಕಿ ಅರ್ಧ ಮಿಲಿಮೀಟರ್. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದಿದ್ದು, ಗಗನ್ ನಾರಂಗ್ 2012ರಲ್ಲಿ ಲಂಡನ್‌ನಲ್ಲಿ ಕಂಚು ಗೆದ್ದಿದ್ದು ಇದೇ ರೈಫಲ್ಲಲ್ಲಿ. ಅದಾದ್ಮೇಲೆ 50 ಮೀಟರ್ .22, 2024ರ ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಮೂರು ಭಂಗಿಯ ಸ್ಪರ್ಧೇಲಿ ಕಂಚು ತಂದಿದ್ದು ಅದರಲ್ಲಿ. 300 ಮೀಟರ್ ಸ್ಪರ್ಧೇಲಿ 8 ಮಿಲಿಮೀಟರ್ ತನಕ ಯಾವ ತೋಟಾನಾದ್ರೂ ಬಳಸ್ಬೋದು ಅಂತ ನಿಯಮ ಇದ್ರೂ, ದೊಡ್ಡ ದೊಡ್ಡ ಶೂಟರ್‌ಗಳು .308 ಬಿಟ್ಟು 6 ಮಿಲಿಮೀಟರ್‌ನ ಸಣ್ಣ ತೋಟಾ ಹಾಕ್ತಾರೆ, ಅರವತ್ತು ಗುಂಡು ಹೊಡೆಯೋ ಹೊತ್ತಿಗೆ ಭುಜ ದಣೀಬಾರದು ಅಂತ.

ರೈಫಲ್ ಕೊಳ್ಳೋಕೆ ಮುಂಚೆ ಕೋಚ್ ಹುಡುಕು, ರಾಷ್ಟ್ರೀಯ ರೈಫಲ್ ಅಸೋಸಿಯೇಷನ್‌ಗೆ ಸೇರಿದ ರಾಜ್ಯ ಸಂಸ್ಥೆ ಮೂಲಕ ಆಟಗಾರ್ತಿ ಆಗಿ ಹೆಸರು ನೋಂದಾಯಿಸ್ಕೊ, ಎನ್‌ಸಿಸಿಯಲ್ಲಿ ಇರೋ ತನಕ ಅಲ್ಲಿನ ಶೂಟಿಂಗ್ ಟೀಮಿಗೆ ಹೆಸರು ಕೊಡು. ದಿನಾ ಗುಂಡಿಲ್ಲದೇ ಅರ್ಧ ಗಂಟೆ ಗುರಿ ಹಿಡಿದು ಟ್ರಿಗರ್ ಒತ್ತೋ ಅಭ್ಯಾಸ ಮಾಡು, ಖಾಲಿ ಐತೆ ಅಂತ ಎರಡು ಸಲ ತೆಗೆದು ನೋಡಿ, ಗೋಡೆ ಕಡೆಗೇ ತಿರುಗಿಸಿ. ಪಿಜಿ, ಹಾಸ್ಟೆಲ್ ಏನಾದ್ರೂ ಆದ್ರೆ ಏರ್ ರೈಫಲ್ ತರೋ ಮುಂಚೆ ವಾರ್ಡನ್ ಹತ್ರ ಲಿಖಿತ ಒಪ್ಪಿಗೆ ತಗೊ.